ಗ್ರಂಥಾಲಯದ ಎರಡು ಕಪಾಟುಗಳು: ಚರಿತ್ರೆಯೂ ಚಾರಿತ್ರಿಕ ರಹಸ್ಯ ಕಾದಂಬರಿಯೂ



ನಮ್ಮ ಊರುಗಳ ವಾಚನಾಲಯಗಳಲ್ಲಿ ಸಾಮಾನ್ಯವಾಗಿ ಎರಡು ಕಪಾಟುಗಳಿರುವುವು. ಒಂದರಲ್ಲಿ ಇತಿಹಾಸದ ಗ್ರಂಥಗಳು, ಮತ್ತೊಂದರಲ್ಲಿ ಕಾದಂಬರಿಗಳು. ಮೊದಲನೆಯದರ ಪುಸ್ತಕಗಳಿಗೆ ರಟ್ಟು ಹೊಸದಾಗಿಯೇ ಉಳಿದಿರುತ್ತದೆ. ಎರಡನೆಯದರ ಪುಸ್ತಕಗಳಲ್ಲಿ ಮೊದಲ ನಾಲ್ಕು ಹಾಳೆಗಳೂ ಕಡೆಯ ನಾಲ್ಕು ಹಾಳೆಗಳೂ ಹರಿದುಹೋಗಿರುತ್ತವೆ. ಇದನ್ನು ಕಂಡು ಕೆಲವರು ಜನರಿಗೆ ಗಂಭೀರವಾದ ಓದಿನಲ್ಲಿ ಆಸಕ್ತಿಯಿಲ್ಲವೆಂದು ನಿಟ್ಟುಸಿರುಬಿಡುವರು. ಆದರೆ ಹರಿದ ಆ ಕಾದಂಬರಿಗಳ ಹೆಸರುಗಳನ್ನು ಒಮ್ಮೆ ನೋಡಿದರೆ, ಅವುಗಳಲ್ಲಿ ಬಹುಪಾಲು ರಾಜರ, ರಾಣಿಯರ, ಕೋಟೆಗಳ, ಮುತ್ತಿಗೆಗಳ, ಕಾಣೆಯಾದ ವಾರಸುದಾರರ, ಹೂತಿಟ್ಟ ನಿಧಿಗಳ ಕಥೆಗಳೇ ಆಗಿರುವುದು ತಿಳಿದುಬರುತ್ತದೆ. ಹಿಂದೆ ಏನಾಯಿತು ಎಂದು ತಿಳಿಯುವ ಹಂಬಲ ನಮ್ಮ ಜನಕ್ಕೆ ಇಲ್ಲವೆಂದು ಹೇಳಲಾಗದು. ಆ ಹಂಬಲವನ್ನು ಅವರು ಯಾವ ಕಪಾಟಿನಿಂದ ತೀರಿಸಿಕೊಳ್ಳುತ್ತಿರುವರು, ಅದರಿಂದ ಲಾಭವೆಷ್ಟು, ಅಪಾಯವೆಷ್ಟು ಎಂಬುದೇ ಇಂದು ನಾವು ವಿಚಾರಮಾಡಬೇಕಾದ ಸಂಗತಿ.

ಈ ವಿಚಾರಕ್ಕೆ ನಾನು ಹುನ್ನೂರನ್ನು ನಡುವೆ ಇಟ್ಟುಕೊಳ್ಳುತ್ತೇನೆ. ಜಮಖಂಡಿಗೆ ಹತ್ತಿರದ ಈ ಹಳ್ಳಿಯ ಹೆಸರು ದೊಡ್ಡ ಚರಿತ್ರೆಗಳ ಪುಟಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆದರೆ ಅದರ ಸುತ್ತಿನ ನೆಲದ ಮೇಲೆ ಕೆಲವೇ ಹರದಾರಿಗಳ ಅಂತರದಲ್ಲಿ ಹಿಂದೆ ಎಷ್ಟು ದೊರೆತನಗಳಿದ್ದುವೆಂಬುದನ್ನು ನೆನೆಯಿರಿ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ತೇರದಾಳ, ರಬಕವಿಗಳ ಕಡೆ ಸಾಂಗಲಿಯ ಸಂಸ್ಥಾನ, ಬೀಳಗಿಯ ಕಡೆ ಮುಂಬಯಿ ಸರಕಾರದ ಜಿಲ್ಲೆ. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ೧೯೫೬ರಲ್ಲಿ ಈ ಭಾಗವೆಲ್ಲ ಕನ್ನಡಿಗರ ಒಂದೇ ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ವಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾಯಿತು. ಗಡಿಗಳು ಹೀಗೆ ಅಳಿಸಿಹೋದುವು. ಆದರೆ ಕಾಗದಗಳು ಒಂದಾಗಲಿಲ್ಲ. ಒಂದು ಹಳ್ಳಿಯ ಹಳೆಯ ಲೆಕ್ಕ ಮೋಡಿ ಅಕ್ಷರದ ಮರಾಠಿಯಲ್ಲಿ. ಪಕ್ಕದ ಹಳ್ಳಿಯದು ಇಂಗ್ಲಿಷಿನಲ್ಲಿ. ಇನ್ನೂ ಹಿಂದಿನದು ಪಾರಸಿಯಲ್ಲಿ. ಅದಕ್ಕೂ ಹಿಂದಿನದು ಗುಡಿಯ ಮುಂದಿನ ಹಳಗನ್ನಡದ ಕಲ್ಲಿನಲ್ಲಿ. ಕನ್ನಡ ಮಾತ್ರ ಬಲ್ಲ ಒಕ್ಕಲಿಗನಿಗೆ ತನ್ನ ಮುತ್ತಜ್ಜನ ಕಾಲದ ಸಂಗತಿಯನ್ನು ತಿಳಿಯಲು ಈ ನಾಲ್ಕು ಬೀಗಗಳನ್ನೂ ಯಾರಾದರೂ ತೆರೆದುಕೊಡಬೇಕು. ತೆರೆದುಕೊಡುವವರಿಲ್ಲದಾಗ ಅವನು ಕಾದಂಬರಿಯ ಬಾಗಿಲಿನಿಂದ ಒಳಗೆ ಹೋಗುತ್ತಾನೆ. ಅದು ಅವನ ತಪ್ಪಲ್ಲ.

ಇಲ್ಲಿ ಒಂದು ಭೇದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರಾಜಕೀಯ ಚರಿತ್ರೆಯೆಂದರೆ ಯಾರು ಆಳಿದರು, ಯಾರು ಯಾರನ್ನು ಗೆದ್ದರು, ಯಾವ ಒಪ್ಪಂದ ಎಂದು ಆಯಿತು ಎಂಬುದರ ಲೆಕ್ಕ. ಸಾಮಾಜಿಕ ಚರಿತ್ರೆಯೆಂದರೆ ಆಳಿಸಿಕೊಂಡವರು ಏನು ಉಂಡರು, ಏನು ಉಟ್ಟರು, ಯಾವುದಕ್ಕೆ ಹೆದರಿದರು, ಯಾವುದಕ್ಕಾಗಿ ಪ್ರಾಣ ಕೊಟ್ಟರು ಎಂಬುದರ ಲೆಕ್ಕ. ಮೊದಲನೆಯದಕ್ಕೆ ದಫ್ತರಗಳಿವೆ, ಎರಡನೆಯದಕ್ಕೆ ಬಹುವೇಳೆ ಹಾಡುಗಳು ಮಾತ್ರವಿವೆ. ಹುನ್ನೂರಿನ ಸೀಮೆಯಿಂದ ದೂರವಲ್ಲದ ಹಲಗಲಿಯ ಪ್ರಸಂಗವು ಇದಕ್ಕೆ ಅತ್ಯುತ್ತಮವಾದ ದೃಷ್ಟಾಂತ.

೧೮೫೭ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ದಂಗೆಯೆದ್ದಾಗ ಕಂಪನಿಯ ಸರಕಾರವು ಜನರ ಕೈಯಲ್ಲಿದ್ದ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ಮಾಡಿತು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಿಲ್ಲ. ಆ ವರ್ಷದ ನವೆಂಬರ್ ತಿಂಗಳ ಕೊನೆಗೆ ಕಂಪನಿಯ ಕುದುರೆಸವಾರರ ಪಡೆ ಹಳ್ಳಿಯ ಮೇಲೆ ಬಿದ್ದಿತು, ಊರಿಗೆ ಬೆಂಕಿಯಿಟ್ಟರು, ಅನೇಕರು ಸತ್ತರು, ಅನೇಕರು ಸೆರೆಸಿಕ್ಕರು, ಡಿಸೆಂಬರಿನಲ್ಲಿ ೧೯ ಮಂದಿಯನ್ನು ಗಲ್ಲಿಗೇರಿಸಿದರು. ಸರಕಾರಿ ಬರಹಗಳಲ್ಲಿ ಈ ಪ್ರಸಂಗಕ್ಕೆ ದೊರೆತಿರುವ ಸ್ಥಳ ಬಹಳ ಸ್ವಲ್ಪ. ಕಾರಣ, ದಿನ, ಪಡೆಯ ಚಲನೆ, ಸತ್ತವರ ಸಂಖ್ಯೆ, ಶಿಕ್ಷೆಯ ವಿವರ, ಅಲ್ಲಿಗೆ ಮುಗಿಯಿತು. ಅಧಿಕಾರಿಗೆ ಬೇಕಾದದ್ದು ಇಷ್ಟೇ.

ಇದೇ ಪ್ರಸಂಗವನ್ನು ಕುರಿತು ಲಾವಣಿಯೊಂದುಂಟು. ಕುರ್ತಕೋಟಿಯ ಕಲ್ಮೇಶನ ಅಂಕಿತವನ್ನು ಹೊತ್ತ ಆ ಲಾವಣಿಯನ್ನು ಈ ಕಡೆಯ ಗಾಯಕರು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ವಿಚಿತ್ರವೆಂದರೆ, ಅದನ್ನು ಬರೆದು ಅಚ್ಚುಮಾಡಿಸಿದವನು ಕಂಪನಿಯ ಮುಂದಿನ ಸರಕಾರದ ಅಧಿಕಾರಿಯೇ. ಶಾಸನತಜ್ಞನೆಂದು ಹೆಸರಾದ ಜೆ. ಎಫ್. ಫ್ಲೀಟನು ೧೮೮೦ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದಾಗ ಹಲಗಲಿಯ ಲಾವಣಿಯೂ ಅದರಲ್ಲಿ ಸೇರಿತು. ದಂಗೆಯೆದ್ದವರ ಹಾಡು ದಂಗೆಯನ್ನು ಅಡಗಿಸಿದವರ ಕಪಾಟಿನಲ್ಲಿ ಉಳಿದುಕೊಂಡಿತು.

ಲಾವಣಿಕಾರನು ಏನನ್ನು ಲೆಕ್ಕಹಾಕುತ್ತಾನೆ ನೋಡಿರಿ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಹೆಸರನ್ನು ಹೇಳುತ್ತಾನೆ. ವಿಲಾಯತಿಯಿಂದ ಹುಕುಮು ಬಂದುದನ್ನು ಹೇಳುತ್ತಾನೆ; ಆಯುಧ ಕೇಳಲು ಬಂದ ಕಾರಕೂನನೊಡನೆ ನಡೆದ ಜಗಳವನ್ನು ಹೇಳುತ್ತಾನೆ. ಕೊನೆಗೆ ಊರು ಲೂಟಿಯಾದಾಗ ಹೋದುದೇನು ಎಂದು ಪಟ್ಟಿಮಾಡುವನು. ಆ ಪಟ್ಟಿಯಲ್ಲಿ ಮುತ್ತುರತ್ನಗಳಿಲ್ಲ. ಕೊಡಲಿ, ಕುಡ, ಹಾಲು, ಬೆಣ್ಣೆ, ಉಪ್ಪು, ಅರಿಸಿನ, ಜೀರಿಗೆ, ಬೆಲ್ಲ, ಗಂಗಾಳ, ಚರಿಗೆ, ಹೆಂಗಸರ ಕೊರಳಿನ ತಾಳಿ, ಕಡೆಗೆ ಬೀಸುವ ಕಲ್ಲು. ಗ್ಯಾಸೆಟಿಯರು ಸತ್ತವರನ್ನು ಎಣಿಸಿತು. ಲಾವಣಿಯು ಬದುಕಿ ಉಳಿದವರ ಮನೆಯಲ್ಲಿ ನಾಳೆ ಬೆಳಿಗ್ಗೆ ಏನಿಲ್ಲವೆಂಬುದನ್ನು ಎಣಿಸಿತು. ಬೀಸುವ ಕಲ್ಲು ಹೋದ ಮನೆಯಲ್ಲಿ ರೊಟ್ಟಿಯೆಲ್ಲಿಂದ ಬರಬೇಕು? ಬಡ ರೈತಾಪಿ ಮನೆಯ ಒಡವೆವಸ್ತುಗಳ ಇಂಥ ಪಟ್ಟಿಯು ಆ ಕಾಲದ ಯಾವ ಸರಕಾರಿ ವರದಿಯಲ್ಲಿ ದೊರೆತೀತು? ಸಾಮಾಜಿಕ ಚರಿತ್ರೆಯನ್ನು ಬರೆಯುವವನಿಗೆ ಆ ಕೆಲವು ಸಾಲುಗಳು ನೂರು ಪುಟದ ವರದಿಗೆ ಸಮಾನ.

ಹಾಗೆಂದು ಲಾವಣಿಯೆಲ್ಲ ನಿಜ, ವರದಿಯೆಲ್ಲ ಸುಳ್ಳು ಎನ್ನಬಹುದೇ? ಎನ್ನಲಾಗದು. ಲಾವಣಿಯು ಕೇಳುವವರ ಮೈ ನವಿರೇಳಿಸಬೇಕು. ಆದುದರಿಂದ ಅದು ಕೆಲವೆಡೆ ಹಿಗ್ಗಿಸುತ್ತದೆ. ವರದಿಯು ಮೇಲಧಿಕಾರಿಯ ಮನಸ್ಸನ್ನು ಒಪ್ಪಿಸಬೇಕು; ಆದುದರಿಂದ ಅದು ಕೆಲವೆಡೆ ಮುಚ್ಚುತ್ತದೆ. ದಿನಾಂಕವನ್ನು ವರದಿಯಿಂದ ತೆಗೆದುಕೊಳ್ಳಬೇಕು. ನೋವನ್ನು ಲಾವಣಿಯಿಂದ ತೆಗೆದುಕೊಳ್ಳಬೇಕು. ಎರಡೂ ಒಪ್ಪುವ ಸ್ಥಳದಲ್ಲಿ ಕಾಲೂರಬೇಕು. ಎರಡೂ ಹೊಡೆದಾಡುವ ಸ್ಥಳದಲ್ಲಿ ನಿಂತು ಯೋಚಿಸಬೇಕು. ಒಬ್ಬ ಜಾಣ ಪತ್ತೇದಾರನು ಇಬ್ಬರು ಸಾಕ್ಷಿಗಳನ್ನು ವಿಚಾರಿಸುವುದು ಹೀಗೆಯೇ. ಇತಿಹಾಸಕಾರನ ಕೆಲಸವೂ ಪತ್ತೇದಾರನ ಕೆಲಸವೂ ಒಂದೇ ತಾಯಿಯ ಮಕ್ಕಳು.

ಈ ಮಾತಿಗೆ ಇನ್ನೂ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಎರಡೂ ನಮ್ಮ ಸೀಮೆಗೆ ಸಂಬಂಧಪಟ್ಟವು.

ಮುಧೋಳದ ಘೋರ್ಪಡೆ ಮನೆತನದಲ್ಲಿ ಬಹಮನಿ ಸುಲ್ತಾನರ ಕಾಲದಿಂದ ಬಂದುವೆಂದು ಹೇಳುವ ಪಾರಸಿ ಫರ್ಮಾನುಗಳಿದ್ದುವು. ಅವುಗಳ ಆಧಾರದಿಂದ ಆ ಮನೆತನದ ಇತಿಹಾಸವು ೧೯೩೪ರಲ್ಲಿ ಮರಾಠಿಯಲ್ಲಿ ಅಚ್ಚಾಯಿತು. ಮೇವಾಡದ ಸಿಸೋದಿಯ ರಾಣರ ಕುಡಿಯೊಂದು ದಕ್ಷಿಣಕ್ಕೆ ಬಂದಿತೆಂದೂ, ಹದಿನೈದನೆಯ ಶತಮಾನದಲ್ಲಿ ಖೇಳಣಾ ದುರ್ಗದ ಮುತ್ತಿಗೆಯಲ್ಲಿ ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆಯನ್ನೇರಿದುದರಿಂದ ಘೋರ್ಪಡೆ ಎಂಬ ಬಿರುದು ಬಂದಿತೆಂದೂ ಅಲ್ಲಿನ ವೃತ್ತಾಂತ. ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ಕಥೆ ಬಹು ಸೊಗಸಾಗಿದೆ. ಆದರೆ ವಿದ್ವಾಂಸರಲ್ಲಿ ವಾದ ಹುಟ್ಟಿತು. ಕೆಲವರು ಈ ಫರ್ಮಾನುಗಳನ್ನು ಒಪ್ಪಿದರು. ಕೆಲವರು ಅವುಗಳಲ್ಲಿ ಪ್ರಾಚೀನವಾದುವು ಅಸಲು ಕಾಗದಗಳಲ್ಲವೆಂದು ಸಂದೇಹಪಟ್ಟರು. ಇಂಥ ವಾದದಲ್ಲಿ ಕೇಳಬೇಕಾದ ಪ್ರಶ್ನೆಗಳು ಕಾದಂಬರಿಯ ಪತ್ತೇದಾರನು ಕೇಳುವ ಪ್ರಶ್ನೆಗಳೇ: ಕಾಗದ ಆ ಕಾಲದ್ದೇ? ಮೊಹರು ಆ ಸುಲ್ತಾನನದೇ? ತೇದಿಯೂ ವಾರವೂ ಹೊಂದುತ್ತವೆಯೆ? ಬಿರುದುಗಳು ಆ ಕಾಲಕ್ಕೆ ಬಳಕೆಯಲ್ಲಿದ್ದುವೆ? ಈ ಕಾಗದವು ಇಲ್ಲಿಯವರೆಗೆ ಯಾರ ಪೆಟ್ಟಿಗೆಯಲ್ಲಿತ್ತು? ಇದರಿಂದ ಯಾರಿಗೆ ಲಾಭ? ಓದುಗನು ಈ ಆರು ಪ್ರಶ್ನೆಗಳನ್ನು ಕಲಿತರೆ ಸಾಕು. ನಾಳೆ ಅವನ ಕೈಗೆ ಬರುವ ಯಾವ ವಂಶಾವಳಿಯೂ, ಯಾವ ಸ್ಥಳಪುರಾಣವೂ ಅವನನ್ನು ಸುಮ್ಮನೆ ಏಮಾರಿಸಲಾರದು.

ಎರಡನೆಯದು ಜಮಖಂಡಿಯ ಪಟವರ್ಧನ ಮನೆತನದ ಹಿರಿಯನಾದ ಪರಶುರಾಮಭಾವೂವಿನ ಕಾಲದ್ದು. ೧೭೯೧ರಲ್ಲಿ ಟೀಪುವಿನ ಮೇಲೆ ನಡೆದ ಯುದ್ಧದಲ್ಲಿ ಆತನು ಪೇಶ್ವೆಯ ಪಡೆಗಳ ನಾಯಕನಾಗಿ ಮೈಸೂರು ಸೀಮೆಗೆ ಇಳಿದಿದ್ದನು. ಆ ದಂಡಯಾತ್ರೆಯಲ್ಲಿ ಮರಾಠರ ಕಡೆಯ ಕುದುರೆಸವಾರರು ಶೃಂಗೇರಿಯ ಮಠವನ್ನು ಸೂರೆಮಾಡಿದರು. ಶಾರದೆಯ ವಿಗ್ರಹವನ್ನು ಸ್ಥಾನದಿಂದ ಕದಲಿಸಿದರು. ಮಠದ ಸ್ವಾಮಿಗಳು ಟೀಪುವಿಗೆ ಬರೆದರು. ಟೀಪುವು ದುಃಖವನ್ನು ಸೂಚಿಸಿ, ಪುನಃಪ್ರತಿಷ್ಠೆಗಾಗಿ ಹಣವನ್ನೂ ಸಾಮಗ್ರಿಯನ್ನೂ ಕಳುಹಿಸಿದನು. ಈ ಸಂಗತಿ ನಮಗೆ ತಿಳಿದುದು ಹೇಗೆ? ಮೈಸೂರು ಪ್ರಾಚ್ಯವಸ್ತು ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಶೃಂಗೇರಿಯ ಮಠದ ಕಡತಗಳನ್ನು ಬಿಚ್ಚಿಸಿದಾಗ ಟೀಪುವಿನ ಆ ಪತ್ರಗಳು ಕನ್ನಡದಲ್ಲಿಯೇ ಇದ್ದುದು ಕಂಡುಬಂದಿತು. ನೂರಿಪ್ಪತ್ತೈದು ವರ್ಷ ಕಟ್ಟಿನೊಳಗೆ ಮಲಗಿದ್ದ ಕಾಗದವೊಂದು ಎಷ್ಟೋ ಜನರ ಖಚಿತ ಅಭಿಪ್ರಾಯಗಳನ್ನು ಅಲುಗಾಡಿಸಿಬಿಟ್ಟಿತು. ಹಿಂದೂ ಸೇನೆ ಸೂರೆಮಾಡಿದ ಮಠಕ್ಕೆ ಮುಸಲ್ಮಾನ ಸುಲ್ತಾನನು ನೆರವಾದನೆಂಬ ಸಂಗತಿಯನ್ನು ಯಾವ ಕಾದಂಬರಿಕಾರನು ಕಲ್ಪಿಸಿ ಬರೆದಿದ್ದರೂ ಓದುಗರು ನಂಬುತ್ತಿರಲಿಲ್ಲ. ಒಂದು ಪತ್ರದಿಂದ ಟೀಪುವಿನ ಆಳಿಕೆಯೆಲ್ಲ ನಿರ್ಣಯವಾಗದು. ಪರಶುರಾಮಭಾವೂವಿನ ಶೌರ್ಯವೂ ಅಳಿಯದು. ಆದರೆ ಮನುಷ್ಯರು ನಾವು ಕಟ್ಟಿಕೊಂಡ ಕಥೆಗಳಿಗಿಂತ ತೊಡಕಾದವರು ಎಂಬುದು ಸ್ಥಿರವಾಗುತ್ತದೆ. ನಮ್ಮ ಸೀಮೆಯ ದೊರೆಮನೆತನಕ್ಕೆ ಅಪ್ರಿಯವಾದ ಸಂಗತಿಯೆಂದು ಇದನ್ನು ಮುಚ್ಚಿಟ್ಟರೆ, ಮುಧೋಳದ ಫರ್ಮಾನುಗಳನ್ನು ಪ್ರಶ್ನಿಸುವ ಅಧಿಕಾರವೂ ನಮಗೆ ಉಳಿಯುವುದಿಲ್ಲ.

ಇನ್ನು ಕಾದಂಬರಿಯ ಕಪಾಟಿಗೆ ಬರೋಣ.

ಚರಿತ್ರೆಯೊಡನೆ ಕಲ್ಪನೆಯನ್ನು ಬೆರಸುವುದು ಕನ್ನಡಕ್ಕೆ ಹೊಸದಲ್ಲ. ೯೪೧ರಲ್ಲಿ ಪಂಪನು ಅರಿಕೇಸರಿಯನ್ನು ಅರ್ಜುನನಲ್ಲಿಟ್ಟು ಭಾರತವನ್ನು ಹೇಳಿದನು. ಇದೇ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಚಾಳುಕ್ಯ ಸತ್ಯಾಶ್ರಯನನ್ನು ಭೀಮನಲ್ಲಿಟ್ಟು ಗದಾಯುದ್ಧವನ್ನು ರಚಿಸಿದನು. ಗದ್ಯದ ಕಾದಂಬರಿಯು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದಿತು. ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದರು. ನಮ್ಮ ಕಡೆ ಗಳಗನಾಥರು ಮರಾಠಿಯ ಹರಿನಾರಾಯಣ ಆಪಟೆಯವರ ದಾರಿಯಲ್ಲಿ ಚಾರಿತ್ರಿಕ ಕಾದಂಬರಿಗಳನ್ನು ಬರೆದರು. ವಿದ್ಯಾರಣ್ಯರನ್ನು ಕುರಿತ ‘ಮಾಧವಕರುಣಾವಿಲಾಸ’ವು ೧೯೨೩ರಲ್ಲಿ ಪ್ರಕಟವಾಯಿತು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರಿಗೆ ನಡೆದು ಮಾರಿದವರು ಗಳಗನಾಥರು. ಆ ಗಂಟು ಬಿಚ್ಚಿದ ಎಷ್ಟೋ ಊರುಗಳಿಗೆ ಅದೇ ಮೊದಲ ಗ್ರಂಥಾಲಯ. ಬಾಗಲಕೋಟೆಯಲ್ಲಿ ವಕೀಲಿಮಾಡುತ್ತಿದ್ದ ಕೆರೂರು ವಾಸುದೇವಾಚಾರ್ಯರು ೧೯೦೮ರಲ್ಲಿ ‘ಇಂದಿರೆ’ ಎಂಬ ಸಾಮಾಜಿಕ ಕಾದಂಬರಿಯನ್ನು ಕೊಟ್ಟರು. ಔರಂಗಜೇಬನನ್ನು ಕುರಿತು ಚಾರಿತ್ರಿಕ ಕಾದಂಬರಿಯನ್ನೂ ಬರೆದರು. ೧೯೧೭ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು ಹೊರಬಂದಾಗ ಅದನ್ನು ಕೈಗೆತ್ತಿಕೊಳ್ಳಲು ಓದುಗರು ಸಿದ್ಧರಾಗಿದ್ದರೆಂದರೆ, ಆ ನೆಲವನ್ನು ಉತ್ತುಹದಮಾಡಿದವರು ಈ ಕಾದಂಬರಿಕಾರರೇ. ಆದುದರಿಂದ ಎರಡು ಕಪಾಟುಗಳ ನಡುವೆ ಹಗೆತನವಿದೆಯೆಂದು ಭಾವಿಸುವುದು ಸರಿಯಲ್ಲ.

ಪತ್ತೇದಾರಿಯ ಕಾದಂಬರಿಯು ಇನ್ನೂ ಈಚಿನದು. ೧೯೫೦ರ ದಶಕದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಹಿಂದೆ ಪುಸ್ತಕವನ್ನೇ ಹಿಡಿಯದಿದ್ದ ಕೈಗಳಿಗೆ ಪುಸ್ತಕವನ್ನಿತ್ತನು. ಚರಿತ್ರೆ ಮತ್ತು ರಹಸ್ಯ, ಈ ಎರಡು ಹೊಳೆಗಳು ಕೂಡುವ ಸಂಗಮವನ್ನು ನೋಡಬೇಕಾದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚೆನ್ನಬಸವನಾಯಕ’ವನ್ನು ತೆಗೆದುಕೊಳ್ಳಬಹುದು. ಬಿದನೂರಿನ ಬಸಪ್ಪನಾಯಕನು ತೀರಿದ ಮೇಲೆ ದತ್ತುಮಗನಾದ ಚೆನ್ನಬಸವನಾಯಕನು ಎಳೆಯ ವಯಸ್ಸಿನಲ್ಲಿಯೇ ಮರೆಯಾದನು. ರಾಣಿ ವೀರಮ್ಮಾಜಿಯ ಮೇಲೆ ಅಪವಾದ ಬಂದಿತು. ಕೆಲವು ವರ್ಷಗಳ ತರುವಾಯ, ತಾನೇ ಸಾಯದೆ ಉಳಿದ ಚೆನ್ನಬಸವನೆಂದು ಹೇಳಿಕೊಂಡು ಒಬ್ಬನು ಚಿತ್ರದುರ್ಗದ ಕಡೆ ಕಾಣಿಸಿಕೊಂಡನು; ಅವನ ಹಕ್ಕನ್ನು ನಿಲ್ಲಿಸುವ ನೆಪದಿಂದ ಹೈದರಲಿಯು ಬಂದು ೧೭೬೩ರಲ್ಲಿ ಬಿದನೂರನ್ನು ತನ್ನದಾಗಿ ಮಾಡಿಕೊಂಡನು. ಆ ಯುವಕನು ನಿಜವಾದ ವಾರಸುದಾರನೇ, ವೇಷಧಾರಿಯೇ? ಚರಿತ್ರೆಯ ಕಾಗದಗಳು ಇದಕ್ಕೆ ನಿಸ್ಸಂಶಯವಾದ ಉತ್ತರವನ್ನು ಕೊಡುವುದಿಲ್ಲ. ಅಲ್ಲಿ ಇತಿಹಾಸಕಾರನು ಲೇಖನಿಯನ್ನು ಕೆಳಗಿಡಬೇಕು. ಕಾದಂಬರಿಕಾರನು ಅಲ್ಲಿಂದಲೇ ಲೇಖನಿಯನ್ನು ಎತ್ತಿಕೊಳ್ಳುವನು. ಹೀಗೆ ಅವನು ಚರಿತ್ರೆಯ ಕೊರತೆಯನ್ನು ತುಂಬುವನಲ್ಲದೆ ಚರಿತ್ರೆಯನ್ನು ತಿದ್ದುವುದಿಲ್ಲ. ಈ ಮೇರೆಯನ್ನು ಮೀರದಿರುವುದೇ ಒಳ್ಳೆಯ ಚಾರಿತ್ರಿಕ ಕಾದಂಬರಿಯ ಲಕ್ಷಣ.

ಈಚಿನ ಕಾಲದಲ್ಲಿ ಕೃಷಿವಿಜ್ಞಾನಿಗಳಾದ ಕೆ. ಎನ್. ಗಣೇಶಯ್ಯನವರು ಇದೇ ಹಾದಿಯನ್ನು ಬೇರೊಂದು ರೀತಿಯಲ್ಲಿ ಹಿಡಿದರು. ‘ಕನಕ ಮುಸುಕು’ವಿನಲ್ಲಿ ಹೊಯ್ಸಳ ದೇವಾಲಯದ ಶಿಲ್ಪಗಳ ಕೈಯಲ್ಲಿ ಕಾಣುವ, ಮೆಕ್ಕೆಜೋಳದ ತೆನೆಯನ್ನು ಹೋಲುವ ವಸ್ತುವಿನ ಸುತ್ತ ಕಥೆ ಹೆಣೆದರು; ‘ಕರಿಸಿರಿಯಾನ’ದಲ್ಲಿ ವಿಜಯನಗರದ ಸಂಪತ್ತಿನ ಜಾಡನ್ನು ಹಿಡಿದರು. ಅವರ ಕಥೆಗಳಲ್ಲಿ ಮೆಚ್ಚತಕ್ಕ ವಿಶೇಷವೇನೆಂದರೆ, ತಾವು ಆಧರಿಸಿದ ಗ್ರಂಥಗಳನ್ನೂ ಲೇಖನಗಳನ್ನೂ ಓದುಗನಿಗೆ ತಿಳಿಸುವ ಪದ್ಧತಿ. ಕಥೆಯು ಎಲ್ಲಿ ಮುಗಿಯಿತು, ಆಧಾರ ಎಲ್ಲಿ ಮೊದಲಾಯಿತು ಎಂದು ತಿಳಿಯಲಿಚ್ಛಿಸುವವನಿಗೆ ಅದೊಂದು ಕೈಮರ. ಆ ಕೈಮರವನ್ನು ಹಿಡಿದು ಮೊದಲನೆಯ ಕಪಾಟಿನ ಬಳಿಗೆ ನಡೆಯುವುದು, ಬಿಡುವುದು ಓದುಗನಿಗೆ ಸೇರಿದ ಮಾತು.

ಹೊರದೇಶದ ಎರಡು ಕೃತಿಗಳನ್ನೂ ಇಲ್ಲಿ ಸ್ಮರಿಸಬಹುದು. ೧೯೫೧ರಲ್ಲಿ ಜೋಸೆಫೀನ್ ಟೇ ಎಂಬ ಲೇಖಕಿಯು ‘ದಿ ಡಾಟರ್ ಆಫ್ ಟೈಮ್’ ಎಂಬ ಕಾದಂಬರಿಯನ್ನು ಬರೆದಳು. ಅದರಲ್ಲಿ ಕಾಲು ಮುರಿದು ಆಸ್ಪತ್ರೆಯ ಮಂಚದಲ್ಲಿ ಮಲಗಿದ ಪೋಲೀಸು ಅಧಿಕಾರಿಯು ಅಲ್ಲಿಂದ ಏಳದೆಯೇ, ಕೇವಲ ಪುಸ್ತಕಗಳನ್ನು ತರಿಸಿಕೊಂಡು, ಹದಿನೈದನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೂರನೆಯ ರಿಚರ್ಡನು ತನ್ನ ಅಣ್ಣನ ಇಬ್ಬರು ಮಕ್ಕಳನ್ನು ಕೊಲ್ಲಿಸಿದನೆಂಬ ಅಪವಾದವನ್ನು ವಿಚಾರಿಸುತ್ತಾನೆ. ಎಲ್ಲರೂ ಪ್ರಮಾಣವೆಂದು ಹಿಡಿದಿದ್ದ ವೃತ್ತಾಂತವನ್ನು ಬರೆದ ಥಾಮಸ್ ಮೋರನು ಆ ಘಟನೆಯ ಕಾಲಕ್ಕೆ ಚಿಕ್ಕ ಮಗುವಾಗಿದ್ದನು. ಕಣ್ಣಾರೆ ಕಂಡುದಲ್ಲ, ಕಿವಿಯಾರೆ ಕೇಳಿದುದು! ಈ ಒಂದು ಸಂಗತಿಯಿಂದ ಕಥೆಯ ಮೊಗವೇ ತಿರುಗುತ್ತದೆ. ಲೇಖಕಿಯ ತೀರ್ಪನ್ನು ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ. ಆದರೆ ಸಾಕ್ಷಿಯ ವಯಸ್ಸನ್ನು ಕೇಳಬೇಕೆಂಬ ಪಾಠವನ್ನು ಒಪ್ಪದವರಿಲ್ಲ. ೧೯೮೦ರಲ್ಲಿ ಇಟಲಿಯ ಉಂಬರ್ಟೊ ಎಕೊ ಬರೆದ ‘ದಿ ನೇಮ್ ಆಫ್ ದಿ ರೋಜ್’ ಎಂಬ ಕಾದಂಬರಿಯಲ್ಲಿ ೧೩೨೭ರ ಒಂದು ಮಠದ ಗ್ರಂಥಭಂಡಾರವೇ ರಹಸ್ಯದ ಕೇಂದ್ರ. ಒಂದು ಪುಸ್ತಕವನ್ನು ಯಾರೂ ಓದಕೂಡದೆಂಬ ಹಠವು ಅಲ್ಲಿ ಸಾವಿನ ಮೇಲೆ ಸಾವನ್ನು ತರುತ್ತದೆ. ಪುಸ್ತಕವನ್ನು ಬಚ್ಚಿಡುವ ಗ್ರಂಥಾಲಯವು ಗ್ರಂಥಾಲಯವಲ್ಲವೆಂಬುದು ಅದರ ತಾತ್ಪರ್ಯಗಳಲ್ಲೊಂದು.

ಇಷ್ಟೆಲ್ಲ ಗುಣವಿದ್ದರೂ ಈ ಬಗೆಯ ಕಾದಂಬರಿಯಲ್ಲಿ ಅಪಾಯವಿಲ್ಲದಿಲ್ಲ. ಮೊದಲನೆಯದು, ಪ್ರತಿಯೊಂದು ರಹಸ್ಯಕ್ಕೂ ಕಡೆಯ ಅಧ್ಯಾಯದಲ್ಲಿ ಉತ್ತರ ದೊರೆಯುವುದೆಂಬ ಭ್ರಾಂತಿ. ಕಾದಂಬರಿಯಲ್ಲಿ ಅಪರಾಧಿ ಸಿಕ್ಕಲೇಬೇಕು. ಚರಿತ್ರೆಯಲ್ಲಿ ಸಿಕ್ಕದೆಯೂ ಹೋಗಬಹುದು. ಎರಡನೆಯದು, ಎಲ್ಲಕ್ಕೂ ಒಬ್ಬ ಖಳನೇ ಕಾರಣನೆಂಬ ಭಾವನೆ. ಹಲಗಲಿಗೆ ಬೆಂಕಿ ಬಿದ್ದುದಕ್ಕೆ ಒಬ್ಬ ದುಷ್ಟ ಅಧಿಕಾರಿಯನ್ನು ಹುಡುಕಿ ತೋರಿಸಿದರೆ ಕಥೆ ಮುಗಿಯುತ್ತದೆ; ಆದರೆ ಒಂದು ಕಾಯಿದೆ, ಒಂದು ಹೆದರಿಕೆ, ಬೇಟೆಯಿಂದಲೂ ಕಾವಲಿನಿಂದಲೂ ಬದುಕುವ ಜನಕ್ಕೆ ಆಯುಧವೆಂದರೆ ಅನ್ನವೂ ಮಾನವೂ ಎಂಬುದನ್ನು ಅರಿಯದ ಆಡಳಿತ, ಇವು ಕೂಡಿ ಆ ಬೆಂಕಿಯನ್ನು ಹೊತ್ತಿಸಿದುವು. ಇದನ್ನು ತಿಳಿಸಲು ಸಾಮಾಜಿಕ ಚರಿತ್ರೆಯೇ ಬೇಕು. ಮೂರನೆಯದು, ನಿಧಿಯ ಕಥೆ. ಕಾದಂಬರಿಯ ನಿಧಿಯನ್ನು ನಂಬಿ ಹಾಳುಗುಡಿಯ ಗರ್ಭಗೃಹವನ್ನು ಅಗೆಯುವವರು ನಮ್ಮ ನಾಡಿನಲ್ಲಿ ಇದ್ದಾರೆ. ಅಗೆದವರಿಗೆ ಹೊನ್ನು ದೊರೆಯದು. ಆದರೆ ಒಡೆದ ಶಾಸನದ ಕಲ್ಲು ಮತ್ತೆ ಕೂಡುವುದಿಲ್ಲ. ಆ ಕಲ್ಲಿನ ಮೇಲಿನ ಹತ್ತು ಸಾಲೇ ಆ ಊರಿನ ನಿಜವಾದ ನಿಧಿಯಾಗಿದ್ದಿತು.

ಈ ಅಪಾಯಗಳಿಗೆ ಮದ್ದು ಕಾದಂಬರಿಯನ್ನು ತಡೆಯುವುದರಲ್ಲಿಲ್ಲ. ಎರಡು ಕಪಾಟುಗಳನ್ನೂ ಬಳಿಬಳಿಯಲ್ಲಿ ಇಡುವುದರಲ್ಲಿದೆ. ಅದನ್ನು ಮಾಡತಕ್ಕದ್ದು ಗ್ರಂಥಾಲಯ. ಕನ್ನಡನಾಡಿನಲ್ಲಿ ಈ ಸಂಸ್ಥೆಗೆ ದೀರ್ಘವಾದ ಪರಂಪರೆಯುಂಟು. ಈಗಿನ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನವನ್ನು ಕುರಿತ ೧೦೫೮ರ ಶಾಸನದಲ್ಲಿ ಅಧ್ಯಾಪಕರೊಡನೆ ಆರು ಮಂದಿ ಸರಸ್ವತೀಭಂಡಾರಿಗರಿಗೂ ವೃತ್ತಿಯನ್ನು ಬಿಟ್ಟ ಮಾತು ಬರುತ್ತದೆ. ಗ್ರಂಥಪಾಲಕನಿಗೆ ಉಪಾಧ್ಯಾಯನ ಪಕ್ಕದಲ್ಲಿಯೇ ಪೀಠವಿತ್ತೆಂದಾಯಿತು. ಅದಕ್ಕೂ ಹಿಂದೆ, ನಮ್ಮ ರನ್ನನಿಗೆ ಆಶ್ರಯಕೊಟ್ಟ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ತಾಳೆಯೋಲೆಯ ಮೇಲೆ ಸಾವಿರ ಪ್ರತಿಯೆಂದರೆ ಎಷ್ಟು ಮಂದಿ ಲಿಪಿಕಾರರ ಎಷ್ಟು ದಿನಗಳ ದುಡಿಮೆಯೆಂಬುದನ್ನು ಊಹಿಸಿಕೊಳ್ಳಿರಿ. ಒಂದು ಪುಸ್ತಕ ಉಳಿಯಬೇಕಾದರೆ ಅದು ಒಂದೇ ಪೆಟ್ಟಿಗೆಯಲ್ಲಿರಬಾರದು ಎಂಬುದನ್ನು ಆ ತಾಯಿಯು ಸಾವಿರ ವರ್ಷಗಳ ಹಿಂದೆಯೇ ಬಲ್ಲಳು.

ಒಂದೇ ಪೆಟ್ಟಿಗೆಯಲ್ಲಿ ಉಳಿದುದರ ಕಷ್ಟವನ್ನು ಬಲ್ಲವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಜಾಪುರದಲ್ಲಿ ವಕೀಲರಾಗಿದ್ದ ಅವರು ನಮ್ಮ ಬನಹಟ್ಟಿಯ ಒಂದು ಮನೆಯಲ್ಲಿ ವಚನಗಳ ತಾಳೆಯೋಲೆಯ ಕಟ್ಟುಗಳನ್ನು ಕಂಡರು. ಆ ನೋಟವೇ ಅವರ ಬಾಳಿನ ದಿಕ್ಕನ್ನು ತಿರುಗಿಸಿತು. ಮನೆಮನೆ ಅಲೆದು ಓಲೆಗಳನ್ನು ಕೂಡಿಸಿದರು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚುಮಾಡಿಸಿದರು, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಇದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಹನ್ನೆರಡನೆಯ ಶತಮಾನದ ನೇಕಾರ, ಅಂಬಿಗ, ಮಡಿವಾಳ, ಹಡಪದ, ಕಸಗುಡಿಸುವವಳು, ಇವರೆಲ್ಲರ ಸ್ವಂತ ಮಾತುಗಳು ಇಂದು ನಮ್ಮ ಕೈಯಲ್ಲಿ ಅಚ್ಚಾಗಿ ಇರುವುದಕ್ಕೆ ಆ ಮನೆಯವರು ಓಲೆಗಳನ್ನು ಒಲೆಗೆ ಹಾಕದೆ ಇಟ್ಟುಕೊಂಡ ಸಣ್ಣ ಸಂಗತಿಯೂ ಕಾರಣ, ಒಬ್ಬ ವಕೀಲರ ದೊಡ್ಡ ಹಠವೂ ಕಾರಣ. ಸಾಮಾಜಿಕ ಚರಿತ್ರೆಗೆ ಇದಕ್ಕಿಂತ ಅಮೂಲ್ಯವಾದ ಆಕರ ಕನ್ನಡದಲ್ಲಿ ಮತ್ತೊಂದು ದೊರೆಯುವುದು ದುರ್ಲಭ.

ಆಧುನಿಕ ಕಾಲದಲ್ಲಿ ಸಂಸ್ಥಾನಗಳೂ ಈ ಕಾರ್ಯದಲ್ಲಿ ಕೈಯಿಟ್ಟುವು. ಬಡೋದೆಯ ಸಯಾಜಿರಾವ್ ಗಾಯಕವಾಡರು ೧೯೧೦ರಲ್ಲಿ ಅಮೆರಿಕದ ಗ್ರಂಥಪಾಲಕನೊಬ್ಬನನ್ನು ಕರೆಸಿ ಹಳ್ಳಿಹಳ್ಳಿಗೆ ಪುಸ್ತಕಗಳ ಸಂಚಾರಿ ಪೆಟ್ಟಿಗೆಗಳು ಹೋಗುವ ಏರ್ಪಾಡನ್ನು ಮಾಡಿಸಿದರು. ನಮ್ಮ ನೆರೆಯ ಕೊಲ್ಹಾಪುರ ಸಂಸ್ಥಾನವು ೧೯೪೫ರಲ್ಲಿ ಗ್ರಂಥಾಲಯದ ಕಾಯಿದೆಯನ್ನೇ ಮಾಡಿತು. ನಮ್ಮ ರಾಜ್ಯಕ್ಕೆ ೧೯೬೫ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಿತು. ೨೦೧೯ರ ತರುವಾಯ ಗ್ರಾಮಪಂಚಾಯತಿಗಳ ಗ್ರಂಥಾಲಯಗಳು ಪಂಚಾಯತಿ ಇಲಾಖೆಯ ಕೈಗೆ ಬಂದು, ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದುವು. ಕಟ್ಟಡ, ಕಪಾಟು, ಗಣಕಯಂತ್ರ, ಇವು ಸರಕಾರದಿಂದ ಬರಬಹುದು. ಆದರೆ ಹುನ್ನೂರಿನಂತಹ ಒಂದು ಊರಿನ ಗ್ರಂಥಾಲಯಕ್ಕೆ ಹುನ್ನೂರಿನ ಚರಿತ್ರೆಯನ್ನು ತಂದು ಇಡಬಲ್ಲವರು ಹುನ್ನೂರಿನವರೇ.

ಅದಕ್ಕೆ ಹೆಚ್ಚಿನ ಹಣ ಬೇಡ. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲು ಎಲ್ಲೆಲ್ಲಿದೆಯೆಂದು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಅಟ್ಟದ ಮೇಲಿನ ಮೋಡಿ ಕಾಗದಗಳನ್ನು ತೂಕಕ್ಕೆ ಹಾಕುವ ಮುನ್ನ ಓದಬಲ್ಲವರಿಗೆ ತೋರಿಸಬಹುದು. ಲಾವಣಿ, ಗೀಗಿಪದ, ಬೀಸುಕಲ್ಲಿನ ಪದಗಳನ್ನು ಬಲ್ಲ ಮುದುಕಿಯರ ಬಳಿ ಕುಳಿತು, ಹಾಡಿದವರ ಹೆಸರು, ಕೇಳಿದ ದಿನ, ಕಲಿತ ಬಗೆ ಇವುಗಳೊಡನೆ ಅವನ್ನು ಧ್ವನಿಮುದ್ರಿಸಿ ಇಡಬಹುದು. ಈ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಹಚ್ಚಿದರೆ ಅವರಿಗೆ ಪತ್ತೇದಾರಿಯ ಸಂತೋಷವೂ ದೊರೆಯುವುದು, ಊರಿಗೆ ಚರಿತ್ರೆಯೂ ದೊರೆಯುವುದು. ಗ್ರಂಥಪಾಲಕರಾದವರು ಇನ್ನೊಂದು ಉಪಕಾರವನ್ನು ಮಾಡಬಹುದು: ಚಾರಿತ್ರಿಕ ಕಾದಂಬರಿಯನ್ನು ಕೇಳಿ ಬಂದವನಿಗೆ ಅದೇ ಕಾಲದ ಚರಿತ್ರೆಯ ಒಂದು ಚಿಕ್ಕ ಪುಸ್ತಕವನ್ನೂ ಜೊತೆಗೆ ಕೊಟ್ಟು, ‘ಇದರಲ್ಲಿ ಯಾವುದು ಅದರಲ್ಲಿಲ್ಲ, ಹೇಳು ನೋಡೋಣ’ ಎಂದು ಕೇಳುವುದು. ಅಂಥ ಪ್ರಶ್ನೆಯೊಂದು ಹತ್ತು ಉಪನ್ಯಾಸಗಳಿಗಿಂತ ಮಿಗಿಲು.

ಹಲಗಲಿಯ ಬೇಡರು ತಮ್ಮ ಕಥೆಯನ್ನು ತಾವೇ ಬರೆದಿಡಲಿಲ್ಲ. ಒಬ್ಬ ಲಾವಣಿಕಾರನು ಹಾಡಿದನು. ಒಬ್ಬ ಪರದೇಶದ ಅಧಿಕಾರಿಯು ಅದನ್ನು ಬರೆದುಕೊಂಡನು. ಅಷ್ಟರಿಂದ ಅವರ ಬೀಸುವ ಕಲ್ಲಿನ ಸುದ್ದಿಯೂ ನಮ್ಮವರೆಗೆ ಬಂದಿತು. ಲಾವಣಿಕಾರನೂ ಇಲ್ಲದೆ, ಅಧಿಕಾರಿಯೂ ಬಾರದೆ ಮೌನವಾಗಿ ಮುಗಿದುಹೋದ ಊರುಗಳು ನಮ್ಮ ಸೀಮೆಯಲ್ಲಿ ಇನ್ನೆಷ್ಟಿರಬಹುದು! ಅವುಗಳ ಪಾಲಿನ ಕಪಾಟು ಇನ್ನೂ ಬರಿದಾಗಿದೆ. ಅದನ್ನು ತುಂಬುವ ಕೆಲಸಕ್ಕೆ, ಹಾಡು ಬಲ್ಲವರು ಬದುಕಿರುವಾಗಲೇ, ಕಲ್ಲು ಒಡೆಯುವ ಮೊದಲೇ, ಕಾಗದ ಗೆದ್ದಲಿನ ಪಾಲಾಗುವ ಮೊದಲೇ ಕೈಹಚ್ಚಬೇಕೆಂದು ಕೇಳುಗರಾದ ತಮ್ಮಲ್ಲಿ ವಿನಂತಿಸಿಕೊಂಡು ಈ ಭಾಷಣವನ್ನು ಮುಗಿಸುತ್ತೇನೆ.